ಕೊನೇ ಪಂಕ್ತಿ

ನಮ್ ತುಮಕೂರು ಕಡೆ ಈಗ ಸಂಜೆ ಹೊತ್ತು ನೆಂಟರು ಸೇರಿದ್ರೆ "ಬಫೆ ಇಟ್ಬಿಡಿ" ಅನ್ನೋದು ಮಾಮೂಲಾಗೋಗಿದೆ. ನಾಮಕರಣ ಇರ್ಲಿ, ಮಾತುಕತೆ ಇರ್ಲಿ, ಊರಿಂದ ಅಣ್ತಮ್ಮಂದಿರ ಮಕ್ಕಳು ಬಂದಿರ್ಲಿ, ಮೇಜಿನ ಮೇಲೆ ನಾಲ್ಕು ಪಾತ್ರೆ, ಪಕ್ಕದಲ್ಲಿ ತಟ್ಟೆ, ಬೇಕಾದ್ದು ಬಡಿಸ್ಕಳಿ ಅಂತ. ಬಫೆ ಅನ್ನೋ ಮಾತು ಫ್ರೆಂಚರದು. ಅವರಲ್ಲಿ ಗೋಡೆ ಪಕ್ಕ ಇಡೋ ಪಾತ್ರೆಪಡಗದ ಮೇಜಿಗೇ ಆ ಹೆಸರು, ಆಮೇಲೆ ಅದರ ಮೇಲಿಟ್ಟ ಊಟಕ್ಕೂ ಅದೇ ನಿಂತ್ಕಂಡ್ತು. ಅದು ದೂರದ ಮಾತು ಬಿಡಿ. ನಮ್ಮನೆಗಳಿಗೆ ಇದು ಹೆಂಗೆ ಬಂತು, ಬಂದು ಯಾರಿಗೆ ಏನು ಕೊಡ್ತು, ಅದು ನನಗೆ ಬೇಕಾಗಿರೋದು.

ನಮ್ ತವರು ಕುಣಿಗಲ್ ಕಡೆ. ನಾನು ಸಣ್ಣವಳಿದ್ದಾಗ, ಅಂದ್ರೆ 1970ರ ದಶಕದ ಕೊನೇಲಿ, ಹಬ್ಬಕ್ಕೆ ನಲವತ್ತು ಜನ ಸೇರಿದ್ರೆ ಮೂರು ಪಂಕ್ತಿ. ಹಿಂದಿನ ದಿನವೇ ಕೂತು ಮುತ್ತುಗದೆಲೆ ಹಚ್ಚೋರು. ಮೊದಲನೇ ಪಂಕ್ತಿ ಗಂಡಸ್ರು, ಹಿರೀಕರು. ಎರಡನೇದು ಮಕ್ಕಳು, ಉಳಿದ ಗಂಡಸ್ರು. ಕೊನೇದು ಬೆಳಗಿನ ಜಾವದಿಂದ ಒಲೆ ಮುಂದೆ ಕೂತಿದ್ದ ಹೆಂಗಸ್ರು. ಅಷ್ಟೊತ್ತಿಗೆ ಪಲ್ಯ ತಳ ಕಂಡಿರೋದು, ಸಾರಿನಲ್ಲಿ ಬೇಳೆ ಹುಡುಕ್ಬೇಕು. ಬಿಸಿ ಒಬ್ಬಟ್ಟನ್ನ ಅಮ್ಮ ಎಲೆ ಮುಂದೆ ಕೂತು ತಿಂದಿದ್ದು ನಾನು ನೋಡ್ಲೇ ಇಲ್ಲ. ಇನ್ನೂ ಒಂದು ಸಾಲಿತ್ತು, ಅದನ್ನ ಪಂಕ್ತಿ ಅಂತ ಯಾರೂ ಲೆಕ್ಕಕ್ಕೇ ಹಿಡೀತಿರಲಿಲ್ಲ. ಹೊಲದ ಕೆಲಸಕ್ಕೆ ಬರೋರು ಅಂಗಳದಾಚೆ ಕೂರೋರು, ಮೇಲಿಂದ ಇಕ್ಕೋರು. ಹಳೇ ಕಾಲದ ಊಟ ಎಷ್ಟು ಚೆಂದ ಅನ್ನೋರು ಈ ಸಾಲನ್ನೂ ನೆನೆಸ್ಕಂಡು ಮಾತಾಡ್ಬೇಕು ಅಂತೀನಿ ನಾನು.

ತಿಂಡಿಗೇನು, ನಮ್ ಕನ್ನಡದಲ್ಲಿ ಸಾವಿರ ವರ್ಷದ ದಾಖಲೆ ಐತೆ. 10ನೇ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆ ಅಂತ ಬರುತ್ತೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ರಾಜನ ಊಟದ್ದೇ ಒಂದು ಭಾಗ. ಮೂರನೇ ಮಂಗರಸ 16ನೇ ಶತಮಾನದ ಶುರುವಿನಲ್ಲಿ ಸೂಪಶಾಸ್ತ್ರ ಅಂತ ಅಡಿಗೆಯದ್ದೇ ಕಾವ್ಯ ಬರೆದ. ಅವನ ಕಾಲಕ್ಕೆ ನಮ್ ಅಡಿಗೆಮನೇಲಿ ಮೆಣಸಿನಕಾಯೂ ಇಲ್ಲ, ಟೊಮೇಟೋನೂ ಇಲ್ಲ, ಆಲೂಗಡ್ಡೆನೂ ಇಲ್ಲ. ಅವೆಲ್ಲ ಪೋರ್ಚುಗೀಸರು ಬಂದಮೇಲೆ ಅಮೆರಿಕದ ಕಡೆಯಿಂದ ಬಂದವು. ಖಾರ ಅಂದ್ರೆ ಕರಿಮೆಣಸು, ಶುಂಠಿ ಅಷ್ಟೇ. ಇವತ್ತು ನಾವು "ನಮ್ಮಜ್ಜಿ ಕಾಲದ್ದು" ಅಂತ ಇಡೋ ಚಿತ್ರಾನ್ನದಲ್ಲಿ ಹಸಿಮೆಣಸಿನಕಾಯಿ, ಕಡ್ಲೆಕಾಯಿ ಎರಡೂ ಹೊರಗಿಂದ ಬಂದವೇ ಕಣ್ರೀ. ಪದಾರ್ಥ ಸಮುದ್ರ ದಾಟಿ ಬಂದು ಒಲೆ ಹತ್ತಿದ್ವು. ಸಾಲು ಮಾತ್ರ ಅಲ್ಲಾಡಲಿಲ್ಲ.

ಅಲ್ಲಾಡಿಸೋಕೆ ನೋಡಿದೋರು ಇಲ್ದೇ ಇಲ್ಲ. 12ನೇ ಶತಮಾನದ ಶರಣರ ದಾಸೋಹ ಅನ್ನೋದು ಅದೇ ತಾನೇ. ನಮ್ ಕಣ್ಣೆದುರಿಗೇ ಸಿದ್ಧಗಂಗೆ ಐತೆ. 111 ವರ್ಷ ಬಾಳಿ 2019ರ ಜನವರಿ 21ರಂದು ಹೋದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳು, ಯಾವ ಜಾತಿ ಅಂತ ಕೇಳ್ದೆ, ಒಂದೇ ಸಾಲಲ್ಲಿ ಕೂತು ಮುದ್ದೆ ಸಾರು ಉಂಡ್ರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಇಳಿಯೋರು ಒಂದ್ ಗಳಿಗೆ ಮಠಕ್ಕೂ ಹೋಗಿ ಆ ಸಾಲು ನೋಡ್ಕಂಡು ಬರಬೇಕು. ಆಮೇಲೆ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟವೂ ಸರ್ಕಾರಿ ಸ್ಕೂಲುಗಳಲ್ಲಿ ಮಕ್ಕಳನ್ನ ಜೊತೇಲಿ ಕೂರಿಸ್ತು.

ಇನ್ನೊಂದು ದಾರಿ ಹೋಟ್ಲಿನದ್ದು. 1884ರಲ್ಲಿ ಬೆಂಗಳೂರಿಂದ ತುಮಕೂರಿಗೆ ರೈಲು ಬಂತು. ನಮ್ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884. ನನ್ನ ಗಂಡನ ಮನೆ ಗುಬ್ಬಿ ಕಡೆ. ವೀರಣ್ಣೋರ ನಾಟಕ ಅಂದ್ರೆ ಬೆಳಗಿನವರೆಗೂ ನಡೆಯೋದು, ಹುರಿಗಡ್ಲೆ, ಚಕ್ಕುಲಿ ಸೆರಗಿಗೆ ಕಟ್ಕಂಡು ಹೋಗ್ತಿದ್ವಿ ಅಂತ ನಮ್ಮತ್ತೆ ಹೇಳೋರು. ಎಲ್ರೂ ಒಂದೇ ಹೊತ್ನಲ್ಲಿ ಅಕ್ಕಪಕ್ಕ ಕೂತು ತಿಂದಿದ್ದು ಅಲ್ಲೇ ಇರ್ಬೇಕು ಅಂತ ನನಗನ್ನಿಸುತ್ತೆ. ಹೋಟ್ಲುಗಳಲ್ಲಿ ಮಾತ್ರ ಮೊದಮೊದಲು ಬ್ರಾಹ್ಮಣರಿಗೆ ಬೇರೆ ಜಾಗ ಇರೋದು. 1983ರಲ್ಲಿ ಬೆಂಗಳೂರು ಜಯನಗರದಲ್ಲಿ ಕೆಫೆ ದರ್ಶಿನಿ ತೆಗೆದ್ರಲ್ಲ, ಅಲ್ಲಿಂದ ನಿಂತ್ಕಂಡು ತಿನ್ನೋದಕ್ಕೆ ಮರ್ಯಾದೆ ಬಂತು. ಕುರ್ಚಿ ಇಲ್ಲ, ಬಡಿಸೋರಿಲ್ಲ, ತಟ್ಟೆ ನೀವೇ ತಗಳಿ. ಹತ್ತು ಹನ್ನೆರಡು ವರ್ಷದಲ್ಲಿ ಆ ರೂಢಿ ನಮ್ಮೂರಿಗೂ ಬಂತು, ಮನೆ ಹಾಲಿಗೂ ಬಂತು. ನಿಂತ್ಕಂಡು ತಿನ್ನೋದು ದನ ಅಂತ ನಮ್ಮಾವ ಬೈದು, ಎಲೆ ಹಾಕೋವರೆಗೂ ಮುಟ್ಟಲ್ಲ ಅಂತ ಕೂತಿದ್ದೂ ಉಂಟು. ಎಲೆ ಹಾಕಿದ್ವಿ. ಅವರೊಬ್ರಿಗೇ.

ನಷ್ಟ ಆಗಿದ್ದು ರಾಗಿಗೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತ, ರಾಗಿ ಎರಡೂ ನಾನು ಮೇಲು ತಾನು ಮೇಲು ಅಂತ ಜಗಳಕ್ಕೆ ಬೀಳ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೇಲಿಡ್ತಾನೆ, ಕೆಡದೇ ಗಟ್ಟಿಯಾಗಿ ನಿಂತಿದ್ದು ರಾಗಿ. ಅಲ್ಲಿ ಗೆದ್ದ ರಾಗಿ ಬಫೆ ಮೇಜಿನ ಮುಂದೆ ಸೋತೋಯ್ತು. ಒಂದು ಕೈಲಿ ತಟ್ಟೆ ಹಿಡ್ಕಂಡು ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗೋಕಾಗುತ್ತಾ? ಅದಕ್ಕೇ ನಾನು ರಾಗಿ ಹುರಿಹಿಟ್ಟಿನ ಉಂಡೆ ಮಾಡಿ ಇಡ್ತೀನಿ, ಬೆಲ್ಲ, ಕೊಬ್ಬರಿ, ಏಲಕ್ಕಿ ಹಾಕಿ. ಮೊದಲು ಖಾಲಿಯಾಗೋದು ಅದೇ.

ಮೂವತ್ತು ಜನಕ್ಕೆ ನನ್ನ ಲೆಕ್ಕ ಇಷ್ಟು. ಚಿತ್ರಾನ್ನಕ್ಕೆ 2 ಕೆಜಿ ಅಕ್ಕಿ. ಅನ್ನ ಅಗಲವಾಗಿ ಹರಡಿ ಆರಿಸಿ, ಒಲೆ ಆರಿಸಿದ ಮೇಲೇ ನಿಂಬೆಹಣ್ಣು ಹಿಂಡಿ, ಇಲ್ದಿದ್ರೆ ಕಹಿ. ಮೊಸರನ್ನಕ್ಕೆ 1 ಕೆಜಿ ಅಕ್ಕಿ, 3 ಲೀಟರ್ ಕಾಯಿಸಿ ಆರಿಸಿದ ಹಾಲು, ಅರ್ಧ ಲೀಟರ್ ಮೊಸರು. ಹಾಲು ಜಾಸ್ತಿ ಇದ್ರೆ ರಾತ್ರಿವರೆಗೂ ಹುಳಿ ಬರಲ್ಲ. ಸೊಗಡಿನ ಕಾಲವಾದ್ರೆ ಅವರೆಕಾಳು ಉಸ್ಲಿ, ಬಿಡಿಸಿದ ಕಾಳು 2 ಕೆಜಿ. ಹೆಸರುಬೇಳೆ ಕೋಸಂಬ್ರಿ ಮುಕ್ಕಾಲು ಕೆಜಿ, ಉಪ್ಪು ಕೊನೇಗೆ. ನಿಪ್ಪಟ್ಟು ಎರಡು ದಿನ ಮುಂಚೆ ಕರಿದಿಟ್ಕಳಿ.

ಹೋದ ವರ್ಷದಿಂದ ನಮ್ಮನೇಲಿ ಒಂದು ಕಟ್ಟು ಮಾಡಿದೀನಿ. ಅಡಿಗೆ ಮಾಡಿದೋರು ಮೊದಲು ಬಡಿಸ್ಕಬೇಕು, ಪಾತ್ರೆ ತೊಳೆಯೋಕೆ ಬರೋ ಹುಡುಗಿಯೂ ಅದೇ ಮೇಜಿಂದ ತಟ್ಟೆ ತಗಬೇಕು. ಮೊದಲ ಸಲ ಅವಳು ಬಾಗಿಲ ಹತ್ರ ಹೋಗಿ ನಿಂತ್ಳು. ನಮ್ಮಮ್ಮ ಪಕ್ಕದ ಕುರ್ಚಿ ತೋರಿಸಿದ್ರು. ಅಮ್ಮನಿಗೀಗ ಮಂಡಿ ನೋವು, ನಿಂತು ತಿನ್ನೋಕಾಗಲ್ಲ, ವಯಸ್ಸಾದೋರಿಗೆ ಅಂತ ಗೋಡೆ ಪಕ್ಕ ಐದಾರು ಕುರ್ಚಿ ಹಾಕೋದನ್ನ ಮರೀಬೇಡಿ. ಕಾಯಿ ಚಟ್ನಿ ಮಾತ್ರ ಜನ ಬಂದು ಕೂತಮೇಲೇ ರುಬ್ಬಿ. ಸೆಕೆಗಾಲದಲ್ಲಿ ಎರಡು ಗಂಟೆಗೇ ಹಳಸಿಬಿಡುತ್ತೆ.