ಮೇಲ್ಭಾಗದ ಶ್ವಾಸಾಂಗ ಸೋಂಕುಗಳಲ್ಲಿ ಪ್ರತಿಜೀವಕ ನಿರೋಧಕತೆ

ಮೂಗು, ಸೈನಸ್, ಗಂಟಲು ಮೊದಲಾದ ಮೇಲ್ಭಾಗದ ಶ್ವಾಸಾಂಗಗಳಿಗೆ ಸೋಂಕು ತಗುಲಿಸುವ ಬ್ಯಾಕ್ಟೀರಿಯಾಗಳು ಪ್ರತಿಜೀವಕ (ಆಂಟಿಬಯೋಟಿಕ್) ಔಷಧಗಳ ಎದುರು ಬದುಕುಳಿಯುವ ಸಾಮರ್ಥ್ಯವನ್ನು ಪಡೆಯುವುದೇ ಈ ನಿರೋಧಕತೆ. ಶೀತ ಮತ್ತು ಗಂಟಲು ನೋವಿನ ಬಹುಪಾಲು ಪ್ರಕರಣಗಳಿಗೆ ವೈರಸ್‌ಗಳೇ ಕಾರಣವಾಗಿದ್ದು, ಅವುಗಳ ಮೇಲೆ ಪ್ರತಿಜೀವಕಗಳು ಪರಿಣಾಮ ಬೀರುವುದಿಲ್ಲ. ಆದರೂ ಈ ಕಾಯಿಲೆಗಳಿಗೆ ಅವು ವ್ಯಾಪಕವಾಗಿ ಬಳಕೆಯಾಗುತ್ತಿರುವುದು ನಿರೋಧಕತೆ ಹೆಚ್ಚಲು ಮುಖ್ಯ ಕಾರಣಗಳಲ್ಲಿ ಒಂದಾಗಿದೆ.

ಬ್ಯಾಕ್ಟೀರಿಯಾಗಳು ಮತ್ತು ನಿರೋಧಕತೆಯ ವಿಧಾನ

ನಿರೋಧಕತೆಯ ವಿಧಾನವು ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಭಿನ್ನವಾಗಿರುತ್ತದೆ. ಔಷಧದ ಆಯ್ಕೆಯೂ ಇದನ್ನೇ ಅವಲಂಬಿಸಿದೆ.

ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ (ನ್ಯುಮೋಕಾಕಸ್): ಸೈನಸ್ ಹಾಗೂ ಮಧ್ಯಕಿವಿಯ ಸೋಂಕಿಗೆ ಕಾರಣವಾಗುತ್ತದೆ. ಪೆನಿಸಿಲಿನ್ ಅಂಟಿಕೊಳ್ಳುವ ತನ್ನ ಪ್ರೋಟೀನ್‌ಗಳ ರಚನೆಯನ್ನೇ ಇದು ಬದಲಿಸಿಕೊಳ್ಳುತ್ತದೆ. ಇದಕ್ಕೆ ಬೇಕಾದ ಜೀನ್ ತುಣುಕುಗಳನ್ನು ಬಾಯಿ ಮತ್ತು ಗಂಟಲಿನಲ್ಲಿ ವಾಸಿಸುವ ಇತರ ಸ್ಟ್ರೆಪ್ಟೊಕಾಕಸ್‌ಗಳಿಂದ ಪಡೆಯುತ್ತದೆ. ಅಮಾಕ್ಸಿಸಿಲಿನ್‌ನ ಪ್ರಮಾಣವನ್ನು ಹೆಚ್ಚಿಸಿ ಇಂತಹ ಅನೇಕ ತಳಿಗಳನ್ನು ನಿಯಂತ್ರಿಸಬಹುದು.

ಹೀಮೊಫಿಲಸ್ ಇನ್‌ಫ್ಲುಯೆಂಜೆ ಮತ್ತು ಮೊರಾಕ್ಸೆಲ್ಲಾ ಕಟಾರಾಲಿಸ್: ಇವು ಮುಖ್ಯವಾಗಿ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಉತ್ಪಾದಿಸಿ ಅಮಾಕ್ಸಿಸಿಲಿನ್ ಅನ್ನು ಒಡೆಯುತ್ತವೆ. ಮೊರಾಕ್ಸೆಲ್ಲಾದ ಬಹುತೇಕ ತಳಿಗಳಲ್ಲಿ ಈ ಕಿಣ್ವ ಕಂಡುಬರುತ್ತದೆ. ಕ್ಲಾವುಲಾನಿಕ್ ಆಮ್ಲವು ಕಿಣ್ವವನ್ನು ತಡೆಯುವುದರಿಂದ ಅದನ್ನು ಅಮಾಕ್ಸಿಸಿಲಿನ್ ಜೊತೆ ನೀಡಲಾಗುತ್ತದೆ. ನ್ಯುಮೋಕಾಕಸ್‌ನಲ್ಲಿ ಈ ಕಿಣ್ವವಿಲ್ಲದ ಕಾರಣ, ಅದರ ನಿರೋಧಕತೆಗೆ ಈ ಆಮ್ಲದಿಂದ ಪ್ರಯೋಜನವಿಲ್ಲ.

ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್: ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಬೇನೆಗೆ ಪ್ರಮುಖ ಕಾರಣ. ಚಿಕಿತ್ಸೆ ಪಡೆಯದಿದ್ದರೆ ಕೆಲವರಲ್ಲಿ ರುಮ್ಯಾಟಿಕ್ ಜ್ವರ ಉಂಟಾಗಿ ಹೃದಯದ ಕವಾಟಗಳು ಹಾನಿಗೊಳ್ಳುತ್ತವೆ. ದಶಕಗಳ ಬಳಕೆಯ ನಂತರವೂ ಇದರ ಮೇಲೆ ಪೆನಿಸಿಲಿನ್ ಪರಿಣಾಮಕಾರಿಯಾಗಿ ಉಳಿದಿದೆ. ಆದರೆ ಪೆನಿಸಿಲಿನ್ ಅಲರ್ಜಿ ಇರುವವರಿಗೆ ನೀಡುವ ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್ ಮೊದಲಾದ ಮ್ಯಾಕ್ರೊಲೈಡ್ ಔಷಧಗಳಿಗೆ ನಿರೋಧಕತೆ ಹಲವು ದೇಶಗಳಲ್ಲಿ ಕಂಡುಬಂದಿದೆ. ಔಷಧ ಅಂಟಿಕೊಳ್ಳುವ ರೈಬೋಸೋಮಿನ ಭಾಗವನ್ನು ಮಾರ್ಪಡಿಸುವುದು ಅಥವಾ ಔಷಧವನ್ನು ಕೋಶದಿಂದ ಹೊರದಬ್ಬುವುದು ಇದರ ವಿಧಾನಗಳಾಗಿವೆ.

ಹರಡುವಿಕೆ

ನ್ಯುಮೋಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಮಕ್ಕಳ ಮೂಗು-ಗಂಟಲಿನಲ್ಲಿಯೂ ರೋಗ ಉಂಟುಮಾಡದೆ ನೆಲೆಸಿರುತ್ತವೆ. ಯಾವುದೇ ಕಾಯಿಲೆಗೆ ಪ್ರತಿಜೀವಕ ಸೇವಿಸಿದಾಗ ಅಲ್ಲಿರುವ ದುರ್ಬಲ ತಳಿಗಳು ನಾಶವಾಗಿ, ನಿರೋಧಕ ತಳಿಗಳು ಉಳಿದು ವೃದ್ಧಿಯಾಗುತ್ತವೆ. ಕೆಮ್ಮು, ಸೀನು ಮತ್ತು ನಿಕಟ ಸಂಪರ್ಕದ ಮೂಲಕ ಇವು ಮನೆಯವರಿಗೂ ಸಹಪಾಠಿಗಳಿಗೂ ಹರಡುತ್ತವೆ. ಆದ್ದರಿಂದ ಔಷಧವನ್ನೇ ಸೇವಿಸದವರಿಗೂ ನಿರೋಧಕ ಸೋಂಕು ತಗುಲಬಹುದು.

ಬಳಕೆ ತಗ್ಗಿಸಿದುದರ ಪರಿಣಾಮ

1990ರ ದಶಕದ ಆರಂಭದಲ್ಲಿ ಫಿನ್ಲೆಂಡಿನಲ್ಲಿ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ನ ಎರಿಥ್ರೊಮೈಸಿನ್ ನಿರೋಧಕತೆ ಏರಿತು. ಆಗ ಶ್ವಾಸಾಂಗ ಮತ್ತು ಚರ್ಮದ ಸೋಂಕುಗಳಿಗೆ ಮ್ಯಾಕ್ರೊಲೈಡ್ ಬಳಕೆಯನ್ನು ಕಡಿಮೆ ಮಾಡುವಂತೆ ವೈದ್ಯರಿಗೆ ಸಲಹೆ ನೀಡಲಾಯಿತು. ಬಳಕೆ ಇಳಿದ ನಂತರ, 1992ರಲ್ಲಿ ಶೇ. 16.5ರಷ್ಟಿದ್ದ ನಿರೋಧಕ ತಳಿಗಳ ಪ್ರಮಾಣ 1996ರ ವೇಳೆಗೆ ಶೇ. 8.6ಕ್ಕೆ ಇಳಿಯಿತು.

ತಡೆಗಟ್ಟುವಿಕೆ

ನೆಗಡಿ, ಕೆಮ್ಮು ಮತ್ತು ಗಂಟಲು ಒಡೆಯುವಿಕೆ ಇದ್ದಲ್ಲಿ ವೈರಸ್ ಸೋಂಕಿನ ಸಾಧ್ಯತೆ ಹೆಚ್ಚು. ಸಂದೇಹವಿದ್ದಾಗ ಗಂಟಲಿನ ದ್ರವದ ಪರೀಕ್ಷೆಯಿಂದ ಸ್ಟ್ರೆಪ್ಟೊಕಾಕಸ್ ಇರುವಿಕೆಯನ್ನು ತಿಳಿಯಬಹುದು. ವೈದ್ಯರ ಸಲಹೆಯಿಲ್ಲದೆ ಔಷಧ ಸೇವಿಸುವುದು ಹಾಗೂ ಹಿಂದೆ ಉಳಿದ ಮಾತ್ರೆಗಳನ್ನು ಮತ್ತೆ ಬಳಸುವುದು ನಿರೋಧಕತೆಗೆ ಎಡೆಮಾಡಿಕೊಡುತ್ತದೆ.

ಲಸಿಕೆಯೂ ಪರಿಣಾಮಕಾರಿ ಮಾರ್ಗವಾಗಿದೆ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ನ್ಯುಮೋಕಾಕಲ್ ಸಂಯುಕ್ತ ಲಸಿಕೆ ಆರಂಭವಾದ ಬಳಿಕ ಪೆನಿಸಿಲಿನ್ ನಿರೋಧಕ ತಳಿಗಳಿಂದಾಗುವ ತೀವ್ರ ಸೋಂಕುಗಳು ಇಳಿದವು. ಆದರೆ ಲಸಿಕೆಯಲ್ಲಿ ಸೇರಿರದ 19ಎ ಎಂಬ ಬಗೆ ಹೆಚ್ಚಿತು. 2010ರಲ್ಲಿ ಬಂದ 13 ಬಗೆಗಳ ಲಸಿಕೆಯಲ್ಲಿ ಅದನ್ನೂ ಸೇರಿಸಲಾಯಿತು.

ಭಾರತದಲ್ಲಿ

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೋಕಾಕಲ್ ಲಸಿಕೆಯು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರ್ಪಡೆಯಾಯಿತು. 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಆಯ್ದ ಪ್ರತಿಜೀವಕಗಳ ಮಾರಾಟದ ವಿವರವನ್ನು ಔಷಧ ಅಂಗಡಿಗಳು ದಾಖಲಿಸಬೇಕೆಂಬ ಎಚ್1 ಅನುಸೂಚಿಯ ನಿಯಮ 2014ರಲ್ಲಿ ಜಾರಿಗೆ ಬಂದಿತು. ಪ್ರತಿಸೂಕ್ಷ್ಮಾಣು ನಿರೋಧಕತೆಯ ವಿರುದ್ಧ ರಾಷ್ಟ್ರೀಯ ಕ್ರಿಯಾ ಯೋಜನೆಯು 2017ರಲ್ಲಿ ಪ್ರಕಟವಾಯಿತು.