ಮಡಿ ಬಟ್ಟೆಯ ಮರ್ಮ: ಲಂಗೋಟಿಯಿಂದ ಡಯಾಪರ್‌ವರೆಗೆ

ಜಯನಗರ, ಬನಶಂಕರಿ, ಜೆ.ಪಿ. ನಗರದ ಬಾಣಂತಿಯರಿರುವ ಮನೆಗಳಲ್ಲಿ ಒಂದು ಚರ್ಚೆ ಆಗಾಗ ಕಿವಿಗೆ ಬೀಳುತ್ತದೆ. ಹಳೇ ಪಂಚೆ ಹರಿದು ಮಾಡಿದ ಲಂಗೋಟಿಯೇ ಮಗುವಿನ ಮೈಗೆ ಹಿತ ಎಂಬುದು ಅಜ್ಜಿಯ ವಾದ. ಹೊಲಸಾದ ಬಟ್ಟೆಯನ್ನು ಒಗೆದು ಮತ್ತೆ ಅದನ್ನೇ ಕಟ್ಟುವುದು ಹೇಸಿಗೆಯಲ್ಲವೇ ಎಂಬುದು ಸೊಸೆಯ ಪ್ರಶ್ನೆ. ಈಚಿನ ವರ್ಷಗಳಲ್ಲಿ ಈ ವಾದ ಕೆಲವು ಮನೆಗಳಲ್ಲಿ ತಿರುವುಮುರುವಾಗಿದೆ. ಕಸದ ಚಿಂತೆಯಿಂದ ಮಗಳು ಬಟ್ಟೆಯ ನ್ಯಾಪಿ ತರಿಸಿಕೊಂಡರೆ, ಎರಡು ಮೂರು ಮಕ್ಕಳ ಬಟ್ಟೆ ಒಗೆದು ಕೈ ಸವೆಸಿಕೊಂಡ ತಾಯಿಯೇ ‘ಬೇಡಮ್ಮಾ, ಡಯಾಪರ್ ಹಾಕು’ ಎನ್ನುತ್ತಾರೆ.

ಮತ್ತೆ ಮತ್ತೆ ಬಳಸುವ ಬಟ್ಟೆ ಶುಚಿಯೇ? ಈ ಪ್ರಶ್ನೆಗೆ ಉತ್ತರವನ್ನು ಬಟ್ಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ಒಗೆದವರು ಯಾರು, ಯಾವ ನೀರಿನಲ್ಲಿ ಒಗೆದರು, ಎಲ್ಲಿ ಒಣಗಿಸಿದರು ಎಂದು ಕೇಳಬೇಕಾಗುತ್ತದೆ. ಆಗ ಬೆಂಗಳೂರಿನದೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಬಿ.ಟಿ.ಎಂ. ಬಡಾವಣೆಯ ಹೆಸರನ್ನು ದಿನವೂ ಹೇಳುವ ಎಷ್ಟೋ ಜನರಿಗೆ ಆ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳೆಂದು ಗೊತ್ತಿಲ್ಲ. ಮಡಿವಾಳ ಎಂದರೆ ಬಟ್ಟೆಯನ್ನು ಮಡಿ ಮಾಡುವವನು, ಅಗಸ. ಕನ್ನಡದಲ್ಲಿ ‘ಮಡಿ’ ಎಂಬ ಒಂದೇ ಪದಕ್ಕೆ ಒಗೆದ ಬಟ್ಟೆ ಎಂಬ ಅರ್ಥವೂ ಇದೆ, ಶಾಸ್ತ್ರೋಕ್ತ ಶುದ್ಧಿ ಎಂಬ ಅರ್ಥವೂ ಇದೆ. ಒಗೆದ ಬಟ್ಟೆ ಉಟ್ಟವರು ಮಡಿಯಾದರು. ಅದನ್ನು ಒಗೆದುಕೊಟ್ಟವರನ್ನು ಮಾತ್ರ ಮಡಿಯಿಂದ ದೂರ ಇಟ್ಟರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಶರಣರ ಸಾಲಿನಲ್ಲಿ ನಿಂತಾಗ ಪ್ರಶ್ನೆಗೆ ಒಳಗಾದದ್ದು ಈ ವಿಪರ್ಯಾಸವೂ ಹೌದು.

ಹಳ್ಳಿಯ ಆಯಗಾರರಲ್ಲಿ ಅಗಸನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ಊರಿನ ಬಟ್ಟೆಯ ಜೊತೆಗೆ ಮುಟ್ಟಿನ ಬಟ್ಟೆ, ಹೆರಿಗೆಯ ಬಟ್ಟೆ, ಸೂತಕದ ಬಟ್ಟೆ ಎಲ್ಲವೂ ಅವನ ಮನೆಯ ಹೆಂಗಸರ ಕೈಗೆ ಹೋಗುತ್ತಿದ್ದವು. ಪುರುಡು ಕಳೆಯುವ ದಿನ ಬಾಣಂತಿ ಮನೆಯ ಬಟ್ಟೆ ಅವರಲ್ಲಿಗೆ ಹೋಗಿ ಬಂದ ಮೇಲೆಯೇ ಮನೆ ಶುದ್ಧವಾಯಿತೆಂದು ಲೆಕ್ಕ. ಇಲ್ಲಿ ಶಾಸ್ತ್ರದ ಮಾತು ಏನೇ ಇರಲಿ, ಆ ಬಟ್ಟೆಗೆ ಅವರು ಮಾಡುತ್ತಿದ್ದ ಕೆಲಸ ಅಪ್ಪಟ ವಿಜ್ಞಾನವಾಗಿತ್ತು.

ಅದರ ಹೆಸರು ಉಬ್ಬೆ. ಕೆರೆಯಂಗಳದಿಂದಲೋ ಬಯಲಿನಿಂದಲೋ ಕೆರೆದು ತಂದ ಚೌಳುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯಲ್ಲಿ ಬಟ್ಟೆ ನೆನೆಸುತ್ತಿದ್ದರು. ಚೌಳುಮಣ್ಣು ಸಿಗದ ಕಡೆ ಬೂದಿಯ ನೀರು. ನೆನೆದ ಬಟ್ಟೆಯನ್ನು ಹಿಂಡಿ, ಒಲೆಯ ಮೇಲೆ ನೀರು ತುಂಬಿಟ್ಟ ದೊಡ್ಡ ಮಡಕೆಯ ಬಾಯಿಯ ಸುತ್ತ ಗೋಪುರದಂತೆ ಪೇರಿಸಿ, ಮೇಲೆ ಮುಚ್ಚಿ, ಕೆಳಗೆ ಉರಿ ಹಾಕುತ್ತಿದ್ದರು. ಬಿಸಿ ಹಬೆ ಗಂಟೆಗಟ್ಟಲೆ ಬಟ್ಟೆಯ ಪದರ ಪದರದ ನಡುವೆ ನುಗ್ಗಿ ಹೊರಬರುತ್ತಿತ್ತು. ಮಾರನೆಯ ದಿನ ಕೆರೆಯ ಕಲ್ಲಿನ ಮೇಲೆ ಒಗೆತ, ಏರಿಯ ಮೇಲೆ ಬಿಸಿಲಿಗೆ ಹರವುವುದು. ಚೌಳುಮಣ್ಣಿನಲ್ಲಿರುವ ಸೋಡಾ ಜಿಡ್ಡನ್ನೂ ಕಲೆಯನ್ನೂ ಬಿಡಿಸುತ್ತದೆ. ಹಬೆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ರೋಗಾಣುಗಳನ್ನು ನಾಶಮಾಡಲು ಹಬೆಗಿರುವ ಶಕ್ತಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಮತ್ತು ಅವನ ಸಂಗಡಿಗರು ಪ್ರಯೋಗಗಳಿಂದ ತೋರಿಸಿದ್ದು 1881ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಅಗಸರ ಉಬ್ಬೆ ಎಷ್ಟೋ ತಲೆಮಾರು ಕಂಡಿತ್ತು. ಏಕೆ ಕೊಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಕೂಸಿಗೆ ಕಟ್ಟುತ್ತಿದ್ದ ಬಟ್ಟೆಯ ಆಯ್ಕೆಯಲ್ಲಿಯೂ ಇಂಥದೇ ತಿಳಿವಳಿಕೆ ಇತ್ತು. ನಾಮಕರಣದವರೆಗೆ ಮಗುವಿಗೆ ಹೊಸ ಬಟ್ಟೆ ಹಾಕಬಾರದು ಎಂಬ ಪದ್ಧತಿ ಹಳೇ ಮೈಸೂರಿನ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ದೃಷ್ಟಿ ತಾಗುತ್ತದೆ ಎಂಬ ಕಾರಣ ಕೊಡುತ್ತಾರೆ. ಆದರೆ ನೂರಾರು ಸಲ ಒಗೆಸಿಕೊಂಡ ಪಂಚೆ ಅಥವಾ ಸೀರೆಯಲ್ಲಿ ಗಂಜಿ ಇರುವುದಿಲ್ಲ, ಬಿಡುವ ಬಣ್ಣ ಇರುವುದಿಲ್ಲ, ನೂಲು ಹತ್ತಿಯಂತೆ ಮೆತ್ತಗಾಗಿ ನೀರನ್ನು ಚೆನ್ನಾಗಿ ಹೀರುತ್ತದೆ. ಉತ್ತರ ಕರ್ನಾಟಕದ ತಾಯಂದಿರು ಹಳೇ ಸೀರೆಗಳನ್ನು ಪದರವಾಗಿ ಹೊಲಿದು ಕೂಸಿನ ಕೆಳಗೆ ಹಾಸುವ ಕೌದಿಯೂ ಇದೇ ಲೆಕ್ಕದ್ದು. ಇನ್ನು ಒರೆಸುವ ಬಟ್ಟೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅದರ ಕೆಲಸವೇ ಕಡಿಮೆ. ಮಗುವನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಆಮೇಲೆ ಬಟ್ಟೆಯಿಂದ ಒತ್ತಿ ಒಣಗಿಸುವುದು ರೂಢಿ. ಅಂಗಡಿಯ ಒದ್ದೆ ವೈಪ್ಸ್ ನೀರಿಲ್ಲದ ಕಡೆ ಅನುಕೂಲ, ಸಂದೇಹವಿಲ್ಲ. ನೀರಿರುವ ಮನೆಯಲ್ಲಿ ಅದು ಅನಗತ್ಯ ಖರ್ಚು.

ಮಳೆಗಾಲದಲ್ಲಿ ಮಾತ್ರ ಈ ವ್ಯವಸ್ಥೆ ಕುಂಟುತ್ತಿತ್ತು. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಲಂಗೋಟಿಗಳನ್ನು ಹರವಿ ಆರಿಸುತ್ತಿದ್ದರು. ಸಾಂಬ್ರಾಣಿ ಹೊಗೆಯನ್ನೂ ಹಾಕುತ್ತಿದ್ದರು. ಕೆಂಡದ ಬಿಸಿ ಪ್ರಯೋಜನಕಾರಿ. ಹೊಗೆಯಿಂದ ಬಟ್ಟೆಗೆ ಸುವಾಸನೆ ಬಂದೀತೇ ಹೊರತು ಶುಚಿತ್ವ ಬಾರದು. ಕೂಸಿನ ಶ್ವಾಸಕ್ಕೆ ಅದು ಒಳ್ಳೆಯದೂ ಅಲ್ಲ.

ಇನ್ನು ನಗರದ ಕಥೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬೆಂಗಳೂರಿಗೆ ಬಂತು. ಎರಡೇ ವರ್ಷದಲ್ಲಿ, 1898ರಲ್ಲಿ, ಪ್ಲೇಗೂ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಹಿತ್ತಿಲು, ಹಿತ್ತಿಲ ಹಿಂದೆ ಒಂದು ಸಣ್ಣ ಓಣಿ. ಆ ಓಣಿ ಇದ್ದದ್ದು ಕಕ್ಕಸಿನ ಮಲ ಹೊರುವವರು ಬಂದುಹೋಗಲು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಸೇರಿತು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದಾಗ, ನಿವೇಶನ ಕೊಂಡ ಗುಮಾಸ್ತರೂ ಮೇಷ್ಟರೂ ಕಟ್ಟಿಸಿದ ಮನೆಗಳಲ್ಲಿ ಹಿಂದುಗಡೆ ಬಚ್ಚಲಿನ ಹಂಡೆ ಒಲೆ, ಅದರ ಪಕ್ಕ ಒಗೆಯುವ ಕಲ್ಲು, ಮೇಲೆ ತಂತಿ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದು ಸೀಗೆಕಾಯಿ, ಅಂಟುವಾಳದ ಕಾಲ ಮುಗಿಯಿತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದರು.

ಈ ಎಲ್ಲ ಅನುಕೂಲಗಳ ನಡುವೆ ಒಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು. ಅಗಸಗಿತ್ತಿಯ ಕೈಯಲ್ಲಿದ್ದ ಕೂಸಿನ ಬಟ್ಟೆ ಮನೆಯ ಹೆಂಗಸಿನ ಕೈಗೆ ಬಂತು. ಜಾತಿಯ ಹೊರೆ ಅಷ್ಟರಮಟ್ಟಿಗೆ ಇಳಿಯಿತು ಎನ್ನಬಹುದು. ಆದರೆ ಉಬ್ಬೆ ಹಿಂದೆಯೇ ಉಳಿಯಿತು. ಹಂಡೆಯ ಒಲೆ ಇರುವ ತನಕ ಕುದಿನೀರಾದರೂ ಸಿಗುತ್ತಿತ್ತು. ಗ್ಯಾಸು, ಗೀಸರು ಬಂದ ಮೇಲೆ ಲಂಗೋಟಿಗೆ ಸಿಕ್ಕಿದ್ದು ತಣ್ಣೀರು, ಸೋಪಿನ ಪುಡಿ ಮಾತ್ರ.

ಅಷ್ಟು ಸಾಲದೇ? ಹಾಲು ಕುಡಿಯುವ ಕೂಸಿನ ಮಲಕ್ಕೆ ಹೇಸಿಗೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದಕ್ಕೆ ಬೆಂಗಳೂರಿನಲ್ಲಿಯೇ ಒಂದು ಉತ್ತರ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ನಗರದ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿ, 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನಗಳು ಕುತೂಹಲಕರವಾಗಿದ್ದವು. ಭೇದಿ ಇಲ್ಲ, ಜ್ವರ ಇಲ್ಲ, ಮಗು ಆರಾಮವಾಗಿದೆ. ಆದರೂ ಮಲದಲ್ಲಿ ರೋಟಾವೈರಸ್ ಇದೆ. ಐ-321 ಎಂದು ಹೆಸರಿಟ್ಟ ಆ ತಳಿ ದನಗಳ ರೋಟಾವೈರಸ್ಸಿಗೆ ಹತ್ತಿರದ ನಂಟನ್ನು ಹೊಂದಿತ್ತು. ದೆಹಲಿಯ ನವಜಾತ ಶಿಶುಗಳಲ್ಲಿಯೂ 116ಇ ಎಂಬ ಇನ್ನೊಂದು ತಳಿ ಸಿಕ್ಕಿತು. ಇಂಥ ಸೌಮ್ಯ ತಳಿಗಳಿಂದಲೇ ಲಸಿಕೆ ಮಾಡಬಹುದೇ ಎಂದು ಎರಡನ್ನೂ ಪರೀಕ್ಷೆಗೆ ಒಡ್ಡಿದಾಗ ದೆಹಲಿಯ ತಳಿ ಗೆದ್ದಿತು. ಅದರಿಂದ ತಯಾರಾದ ಲಸಿಕೆಗೆ 2014ರಲ್ಲಿ ಪರವಾನಗಿ ಸಿಕ್ಕಿ, 2016ರಲ್ಲಿ ರೋಟಾವೈರಸ್ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿತು.

ಲಂಗೋಟಿಯ ವಿಷಯದಲ್ಲಿ ಇದರಿಂದ ತಿಳಿಯುವುದಿಷ್ಟು: ಆರೋಗ್ಯವಂತ ಕೂಸಿನ ಮಲದಲ್ಲಿಯೂ ವೈರಸ್ ಇರಬಹುದು. ರೋಟಾವೈರಸ್‌ನಿಂದ ಭೇದಿಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಹೆಚ್ಚು ವೈರಾಣುಗಳಿರುತ್ತವೆ. ಇನ್ನೊಂದು ಮಗುವಿಗೆ ಸೋಂಕು ತಗಲಲು ಅವುಗಳಲ್ಲಿ ನೂರಕ್ಕಿಂತ ಕಡಿಮೆ ಸಾಕು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲದ್ದರಿಂದ ಸೋಪು ಅದನ್ನು ಸುಲಭವಾಗಿ ಕೊಲ್ಲಲಾರದು, ತೊಳೆದು ಸಾಗಹಾಕಬಲ್ಲದು. ಕೊಲ್ಲಲು ಬೇಕಾದದ್ದು ಶಾಖ. ಹೀಗೆ ಮಾತು ಮತ್ತೆ ಉಬ್ಬೆಯ ಹತ್ತಿರಕ್ಕೇ ಬರುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಮೊದಲೇ, 97 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುತ್ತದೆ. ಈ ಕೆಲಸಕ್ಕೆ ಅದು ಧಾರಾಳವಾಯಿತು. ವಾಷಿಂಗ್ ಮೆಷಿನ್ ಇದ್ದವರು 60 ಡಿಗ್ರಿಯಲ್ಲಿ ಒಗೆಯಬಹುದು. ಮಲವನ್ನು ಮೊದಲು ಕಕ್ಕಸಿಗೆ ಹಾಕಿ ನೀರು ಬಿಡಬೇಕು, ಬಚ್ಚಲಿಗಲ್ಲ. ಬಕೆಟ್ಟಿನ ತಣ್ಣೀರಿಗೆ ನಂಜುನಿರೋಧಕ ದ್ರಾವಣದ ನಾಲ್ಕು ಹನಿ ಹಾಕಿ ನೆಮ್ಮದಿ ಪಡುವ ಅಭ್ಯಾಸ ವ್ಯಾಪಕವಾಗಿದೆ. ಅದು ಮೂಗಿಗೆ ಆಸ್ಪತ್ರೆಯ ವಾಸನೆ ಕೊಡುತ್ತದೆ, ಒಗೆತಕ್ಕೆ ಬದಲಿಯಾಗುವುದಿಲ್ಲ, ಸರಿಯಾಗಿ ಜಾಲಿಸದಿದ್ದರೆ ಎಳೆಯ ಚರ್ಮವನ್ನು ಕೆರಳಿಸಲೂಬಹುದು. ಬಟ್ಟೆ ಪೂರ್ತಿ ಒಣಗಬೇಕು. ಒರೆಸುವ ಬಟ್ಟೆಯನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಮುಚ್ಚಿಟ್ಟು ಎರಡು ದಿನ ಬಳಸಿದರೆ ಸೂಕ್ಷ್ಮಜೀವಿಗಳಿಗೆ ತೊಟ್ಟಿಲು ಕಟ್ಟಿದಂತೆಯೇ ಸರಿ. ಬಾಯಿ ಒರೆಸುವ ಬಟ್ಟೆ ಬೇರೆ, ಕೆಳಗಿನದು ಬೇರೆ. ಇಷ್ಟಾದರೆ ಬಟ್ಟೆ ಶುಚಿಯೇ. ಈ ಕ್ರಮಗಳಿಗಿಂತಲೂ ಮುಖ್ಯ, ಬಟ್ಟೆ ಬದಲಿಸಿದವರು ಅಡುಗೆಮನೆಗೆ ಹೋಗುವ ಮುನ್ನ ಸೋಪಿನಿಂದ ಕೈ ತೊಳೆದರೇ ಎಂಬುದು. ಡಯಾಪರ್ ಹಾಕುವ ಮನೆಗೂ ಈ ಮಾತು ಅನ್ವಯಿಸುತ್ತದೆ.

ಚರ್ಮ ಕೆಂಪಾಗುವ ಬಾಧೆಯದು ಬೇರೆ ಕಥೆ. ಅಮೆರಿಕದ ವೈದ್ಯ ಕುಕ್ 1921ರಲ್ಲಿ ಮೂತ್ರದಿಂದ ಹುಟ್ಟುವ ಅಮೋನಿಯಾವೇ ಇದಕ್ಕೆ ಕಾರಣವೆಂದ. ಲಂಗೋಟಿ ಕುದಿಸಬೇಕು ಎಂಬ ಉಪದೇಶಕ್ಕೆ ಇದರಿಂದ ಬಲ ಬಂತು. ಅಮೋನಿಯಾ ಒಂದೇ ಅಲ್ಲ, ತೇವ, ಉಜ್ಜಾಟ ಮತ್ತು ಮಲದಲ್ಲಿನ ಕಿಣ್ವಗಳು ಮುಖ್ಯ ಎಂದು 1970, 80ರ ದಶಕಗಳ ಪ್ರಯೋಗಗಳು ತಿದ್ದಿದವು. ಹೀರುವ ಪುಡಿ ತುಂಬಿದ ಡಯಾಪರ್ ಚರ್ಮವನ್ನು ಹೆಚ್ಚು ಒಣಗಿಸಿಡುತ್ತದೆ, ನಿಜ. ಆದರೆ ಆವರೆಗಿನ ಪ್ರಯೋಗಗಳನ್ನು ಒಟ್ಟು ತೂಗಿ ನೋಡಿದ 2006ರ ಕಾಕ್ರೇನ್ ವಿಮರ್ಶೆ, ಬಟ್ಟೆಗಿಂತ ಅದೇ ಮೇಲೆನ್ನಲು ಆಧಾರ ಸಾಲದು ಎಂದಿತು. ಡಯಾಪರ್ ಆದರೂ ಬೆಳಗ್ಗೆ ಕಟ್ಟಿದ್ದನ್ನು ಸಂಜೆಯವರೆಗೆ ಬಿಟ್ಟರೆ ಫಲ ಒಂದೇ.

ಬಿಸಾಡುವ ನ್ಯಾಪಿಯನ್ನು ಲೋಕಪ್ರಿಯ ಮಾಡಿದ ಪ್ಯಾಂಪರ್ಸ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ತನ್ನ ತೂಕದ ಹಲವು ಪಟ್ಟು ನೀರು ಕುಡಿಯುವ ಪಾಲಿಮರ್ ಪುಡಿ ಅದರೊಳಗೆ ಸೇರಿದ್ದು 1980ರ ದಶಕದಲ್ಲಿ. ಭಾರತದ ನಗರಗಳ ಅಂಗಡಿಗಳಲ್ಲಿ ಡಯಾಪರ್ ಸಾಮಾನ್ಯ ಸರಕಾಗತೊಡಗಿದ್ದು 1990ರ ದಶಕದ ನಂತರ. ಬೆಂಗಳೂರಿನ ಮನೆಯೊಳಗಿನ ಒಗೆತ ಅಲ್ಲಿಗೆ ಹಗುರವಾಯಿತು. ಮನೆಯ ಹೊರಗೆ ಏನಾಯಿತು?

2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿತು. ರಸ್ತೆ ರಸ್ತೆಯಲ್ಲಿ ಕಸ ಕೊಳೆಯಿತು. ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ತಮ್ಮೂರಿಗೆ ಕಸದ ಲಾರಿ ಬಾರದಂತೆ ಮಾಡಿದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಆದೇಶಿಸಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ಒಣ ಕಸಕ್ಕೆ ಚೀಲ, ಡಯಾಪರ್‌ನಂಥವಕ್ಕೆ ಕೆಂಪು ಡಬ್ಬಿ. ಬಳಸಿದ ಡಯಾಪರನ್ನು ಸುತ್ತಿ ಕಟ್ಟಿಯೇ ಕೊಡಬೇಕೆಂದು 2016ರ ಕೇಂದ್ರ ನಿಯಮ ಹೇಳಿತು. ಪೊಟ್ಟಣದ ಮೇಲೆಯೇ ಮಲವನ್ನು ಕಕ್ಕಸಿಗೆ ಹಾಕಿ ಎಂಬ ಸೂಚನೆ ಇದ್ದರೂ ಓದುವವರು ಕಡಿಮೆ. ಹಾಗಾಗಿ ಅದು ಡಯಾಪರಿನೊಳಗೇ ಮಡಚಿಕೊಂಡು ಹೋಗುತ್ತದೆ. ಬೆರೆಸಿ ಕೊಟ್ಟ ಕಸದಿಂದ ಅದನ್ನು ಹೆಕ್ಕಿ ಬೇರೆ ಮಾಡುವುದು ಪೌರಕಾರ್ಮಿಕರ ಕೈ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಲ್ಲಿಸಿದ ರಾಜ್ಯ ಇದು. ಬಸವನಗುಡಿಯ ಹಿಂದಿನ ಓಣಿಯಿಂದ ಹೋಗುತ್ತಿದ್ದದ್ದು ಈಗ ಮುಂಬಾಗಿಲಿನಿಂದಲೇ, ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುತ್ತಿದೆ ಎಂದರೆ ತಪ್ಪಾಗಲಾರದು.

ಹಾಗೆಂದು ಬಟ್ಟೆಯೂ ಪುಕ್ಕಟೆಯಲ್ಲ. ಒಗೆತಕ್ಕೆ ನೀರು ಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ದಿನಗಳಲ್ಲಿ, ಟ್ಯಾಂಕರ್ ನಂಬಿದ ಮನೆಗಳಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರ ತುಂಬುವಷ್ಟು ಬಟ್ಟೆ ಸೇರಿದ ಮೇಲೆ ಒಗೆದು, ಹೊರಗೆ ತಂತಿಯ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಬಳಸಿದರೆ ಮಾತ್ರ ಬಟ್ಟೆಯ ನ್ಯಾಪಿಯಿಂದ ಪರಿಸರಕ್ಕೆ ದೊಡ್ಡ ಉಳಿತಾಯ. ಲಂಡನ್ನಿನವರಿಗೆ ದುರ್ಲಭವಾದ ಬಿಸಿಲು ಇಲ್ಲಿ ವರ್ಷದ ಬಹುಪಾಲು ಇದೆ. ಆದರೆ ಜೆ.ಪಿ. ನಗರದ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಯ ಕಟಕಟೆಗೆ ಬಟ್ಟೆ ಹರವಬಾರದು, ಕಟ್ಟಡದ ಅಂದ ಕೆಡುತ್ತದೆ ಎಂಬ ನಿಯಮವಿದೆ. ಇನ್ನು ಒಗೆಯುವವರು ಯಾರು ಎಂಬ ಹಳೆಯ ಪ್ರಶ್ನೆ ಹಾಗೇ ಉಳಿದಿದೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಸಂಬಳ ಗೊತ್ತುಮಾಡುವಾಗ ಪಾತ್ರೆ, ನೆಲ, ಬಟ್ಟೆ ಎಲ್ಲ ಆದ ಮೇಲೆ ‘ಮಗುವಿನ ಬಟ್ಟೆ’ ಎಂಬುದು ಬೇರೆ ಬಾಬ್ತಾಗಿ ಬರುತ್ತದೆ. ಅದಕ್ಕೆ ಆಕೆ ಹೆಚ್ಚು ಕೇಳುತ್ತಾಳೆ, ಇಲ್ಲವೇ ಆಗುವುದಿಲ್ಲ ಎನ್ನುತ್ತಾಳೆ.