ಸುಂಕದಕಟ್ಟೆಯ ಮುಂದೆ ಬೆಳಗಾಯಿತು



ಪೀಣ್ಯ ಕೈಗಾರಿಕಾ ಪ್ರದೇಶದ ದಕ್ಷಿಣಕ್ಕೆ, ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯಿದೆ. ನಿಮ್ಮಲ್ಲಿ ಅನೇಕರು ಬಸ್ಸಿನ ಫಲಕದ ಮೇಲೆ ಈ ಹೆಸರನ್ನು ನೂರಾರು ಬಾರಿ ಓದಿರುತ್ತೀರಿ. ಊರೊಳಗೆ ಬರುವ ಸರಕಿಗೆ ಸುಂಕ ವಸೂಲು ಮಾಡುವ ಕಟ್ಟೆ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಇಂದು ಅಲ್ಲಿ ಕಟ್ಟೆಯಿಲ್ಲ, ಸುಂಕದವನೂ ಇಲ್ಲ. ಹೆಸರು ಮಾತ್ರ ಉಳಿದಿದೆ.

ಸಂಸ್ಕೃತದಲ್ಲಿ ‘ಘಟ್ಟಕುಟೀ ಪ್ರಭಾತ ನ್ಯಾಯ’ ಎಂಬುದೊಂದಿದೆ. ಸುಂಕ ತಪ್ಪಿಸಬೇಕೆಂದು ವ್ಯಾಪಾರಿಯೊಬ್ಬ ರಾತ್ರಿಯಿಡೀ ಅಡ್ಡದಾರಿ ಹಿಡಿದು ಅಲೆಯುತ್ತಾನೆ. ಕತ್ತಲಲ್ಲಿ ದಾರಿ ತಪ್ಪಿ, ಬೆಳಗಾಗುವ ಹೊತ್ತಿಗೆ ನೋಡಿದರೆ ಸುಂಕದ ಗುಡಿಸಲಿನ ಮುಂದೆಯೇ ನಿಂತಿರುತ್ತಾನೆ. ಕಡಲಾಚೆಯಿಂದ ಅಂತರ್ಜಾಲದ ಮೂಲಕ ತರಿಸುವ ವಸ್ತುಗಳ ಮೇಲಿನ ತೆರಿಗೆಯ ಚರಿತ್ರೆಯನ್ನು ನೋಡಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ಸುಂಕವು ನಮ್ಮ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಕಿರುಕುಳ ಎಂಬ ತೆರಿಗೆಗಳ ಹೆಸರುಗಳಿವೆ. ಅವನ್ನು ನೋಡಿಕೊಳ್ಳುವ ಅಧಿಕಾರಿ ‘ಸುಂಕವೆರ್ಗಡೆ’. ದೂರದೂರದ ನಾಡುಗಳೊಡನೆ ವ್ಯಾಪಾರ ನಡೆಸುತ್ತಿದ್ದ ಅಯ್ಯಾವೊಳೆ ಐನೂರ್ವರೂ ಈ ಸುಂಕದ ಲೋಕಕ್ಕೆ ಸೇರಿದವರೇ. ಹನ್ನೆರಡನೆಯ ಶತಮಾನದ ಶರಣರಲ್ಲಿಯೂ ಸುಂಕದ ಬಂಕಣ್ಣನೆಂಬ ವಚನಕಾರನಿದ್ದ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂದು ಗಾದೆ ಕಟ್ಟಿದ ಜನ, ಅದೇ ವೃತ್ತಿಯವನೊಬ್ಬನನ್ನು ಶರಣರ ಸಾಲಿನಲ್ಲಿ ಕೂರಿಸಿದ್ದನ್ನು ನಾವು ಮರೆಯಬಾರದು.

ಈಗ ನಮ್ಮ ಕಾಲಕ್ಕೆ ಬರೋಣ. ಪೀಣ್ಯಕ್ಕೆ ಹೊಂದಿಕೊಂಡಂತಿರುವ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ತಂದೆಯವರು ಕೊಡಿಸಿದ್ದೂ ಎಚ್‌ಎಂಟಿ ಗಡಿಯಾರವೇ. ಆದರೆ ಆ ದಿನಗಳಲ್ಲಿ ‘ಫಾರಿನ್ ವಾಚು’ ಎಂದರೆ ಹುಡುಗರ ಕಣ್ಣು ಅರಳುತ್ತಿತ್ತು. ವಿದೇಶೀ ಗಡಿಯಾರಗಳ ಮೇಲಿನ ನಿರ್ಬಂಧವೂ ಸುಂಕವೂ ಎಷ್ಟು ಬಿಗಿಯಾಗಿದ್ದವೆಂದರೆ, ಕಳ್ಳಸಾಗಣೆಯೇ ಒಂದು ದೊಡ್ಡ ವ್ಯಾಪಾರವಾಗಿತ್ತು. 1962ರ ಕಸ್ಟಮ್ಸ್ ಕಾಯ್ದೆಯ 123ನೆಯ ಕಲಮು ಚಿನ್ನದ ಜೊತೆಯಲ್ಲಿ ಕೈಗಡಿಯಾರವನ್ನೂ ಹೆಸರಿಸುತ್ತದೆ. ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿಗಳು ವಶಪಡಿಸಿಕೊಂಡ ಗಡಿಯಾರವು ಅಂಥದ್ದಲ್ಲವೆಂದು ರುಜುವಾತುಪಡಿಸುವ ಹೊಣೆ, ಅದನ್ನು ಇಟ್ಟುಕೊಂಡವನ ಮೇಲೆಯೇ ಬೀಳುತ್ತದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ವಸ್ತುವನ್ನು ಕಂಡು ಸರ್ಕಾರ ಎಷ್ಟು ಚಿಂತಿಸಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಅಷ್ಟು ಎತ್ತರದ ಗೋಡೆ ಎಚ್‌ಎಂಟಿಯನ್ನು ಉಳಿಸಿತೇ? ಇಲ್ಲ. ಅದನ್ನು ಹಿಂದಿಕ್ಕಿದ ಪ್ರಬಲ ಪ್ರತಿಸ್ಪರ್ಧಿ ಬಂದದ್ದು ಕಡಲಾಚೆಯಿಂದಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಮುಂದೆ ಸಾಗಿ ಅತ್ತಿಬೆಲೆಯ ಗಡಿ ದಾಟಿದರೆ ಸಿಗುವ ಹೊಸೂರಿನಿಂದ! ಕ್ವಾರ್ಟ್ಜ್ ಗಡಿಯಾರವನ್ನು ಎಚ್‌ಎಂಟಿಯೂ ತಯಾರಿಸಿತ್ತು. ಆದರೆ ಅದರಿಂದ ಜನರ ಮನಸ್ಸನ್ನು ಗೆದ್ದದ್ದು 1987ರಲ್ಲಿ ಮಾರುಕಟ್ಟೆಗೆ ಇಳಿದ ಟೈಟನ್. ಮುಂದೆ 1991ರ ಉದಾರೀಕರಣ ಬಂದಿತು. ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳನ್ನು 2001ರ ಏಪ್ರಿಲ್ 1ರಂದು ತೆಗೆಯಲಾಯಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಊರಿನ ಗಡಿಯ ಸುಂಕಕ್ಕೂ ಇಂಥದೇ ಒಂದು ಕಥೆಯಿದೆ. ಪಟ್ಟಣದೊಳಕ್ಕೆ ಬರುವ ಸರಕಿನ ಮೇಲಿದ್ದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ಅದೇ ವರ್ಷ ಅದರ ಜಾಗಕ್ಕೆ ಪ್ರವೇಶ ತೆರಿಗೆಯ ಕಾಯ್ದೆ ಬಂದಿತು. 2017ರ ಜುಲೈ 1ರಂದು ಅದೂ ಜಿಎಸ್‌ಟಿಯಲ್ಲಿ ಲೀನವಾಯಿತು. ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು ಇಲ್ಲವಾದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದಿನಿಂದಲೇ ಅನ್ವಯಿಸಿದ ಮೊದಲ ರಾಜ್ಯ ನಮ್ಮದೇ. ಕಟ್ಟೆ ಹೋಗಲಿಲ್ಲ, ಗಣಕಯಂತ್ರದೊಳಕ್ಕೆ ಹೋಗಿ ಕುಳಿತುಕೊಂಡಿತು ಎನ್ನಬೇಕು.

ಅಷ್ಟರಲ್ಲಿ ಅಂಗಡಿಯ ಸ್ವರೂಪವೇ ಬದಲಾಗಿತ್ತು. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ಆರಂಭವಾಯಿತು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂದಿತು. ಮರುವರ್ಷವೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೂ ಅಮೆಜಾನಿಗೂ ವಿವಾದ ಹುಟ್ಟಿತು. ಬೇರೆ ಬೇರೆ ವ್ಯಾಪಾರಿಗಳ ಸರಕು ಒಂದೇ ಉಗ್ರಾಣದಲ್ಲಿದೆ. ಹಾಗಾದರೆ ಅದು ಯಾರ ಅಂಗಡಿ? ತೆರಿಗೆಯ ಹೊಣೆ ಸರಕಿನ ಒಡೆಯನದೋ, ಉಗ್ರಾಣದ ಒಡೆಯನದೋ? ಕಾನೂನು ಬರೆದವರ ಕಲ್ಪನೆಯಲ್ಲಿದ್ದದ್ದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಶೆಟ್ಟರು. ಹೊಸ ವ್ಯಾಪಾರದಲ್ಲಿ ಗಲ್ಲಾಪೆಟ್ಟಿಗೆ ಎಲ್ಲಿದೆಯೆಂದೇ ತಿಳಿಯದು. ಕೊನೆಗೆ 2018ರ ಅಕ್ಟೋಬರ್ 1ರಿಂದ ಇಂಥ ಜಾಲತಾಣಗಳೇ ಮಾರಾಟಗಾರರ ಹಣದಲ್ಲಿ ಶೇ. 1ರಷ್ಟನ್ನು ಜಿಎಸ್‌ಟಿಯ ಲೆಕ್ಕದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ವ್ಯವಸ್ಥೆ ಬಂದಿತು. 2024ರ ಜುಲೈಯಲ್ಲಿ ಅದು ಅರ್ಧಕ್ಕೆ ಇಳಿಯಿತು.

ದೇಶದೊಳಗಿನ ವ್ಯಾಪಾರಕ್ಕೆ ಇಷ್ಟಾದರೂ ಕಟ್ಟುಪಾಡು ಬಂದಿತು. ಕಡಲಾಚೆಯಿಂದ ಬರುವ ಸಣ್ಣ ಪೊಟ್ಟಣಗಳ ಕಥೆ ಬೇರೆ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು.

2019ರ ಮಾತು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ವಿದೇಶೀ ಜಾಲತಾಣವೊಂದರಿಂದ ನನಗೊಂದು ಕೈಗಡಿಯಾರ ತರಿಸಿಕೊಟ್ಟ. ಬೆಲೆ ಕೇಳಿ ಬೆರಗಾದೆ. ಅಷ್ಟು ಅಗ್ಗ! ಕೆಲವು ವಾರಗಳ ನಂತರ ಅದರ ಪಟ್ಟಿ ಕಿತ್ತುಹೋಯಿತು. ದಾಸರಹಳ್ಳಿಯಲ್ಲಿ ಗಡಿಯಾರದ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿಗೆ ಹೋದೆ. ಆತ ಅದನ್ನು ತಿರುಗಿಸಿ ನೋಡಿ ನಕ್ಕ. “ಸಾರ್, ನೀವೂ ಪಾರ್ಸೆಲ್ ವಾಚು ಕಟ್ಟಿದಿರಾ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಆತ ಪಟ್ಟಿ ಹಾಕಿಕೊಟ್ಟು, “ಇದು ಬಂದ ಕವರಿನ ಮೇಲೆ ಉಡುಗೊರೆ ಅಂತ ಬರೆದಿತ್ತಾ, ನೋಡಿ” ಎಂದ. ಮನೆಗೆ ಬಂದು ನೋಡಿದೆ. ಹಾಗೆಯೇ ಬರೆದಿತ್ತು.

ಆಗ 5,000 ರೂಪಾಯಿ ಬೆಲೆಯವರೆಗಿನ ಉಡುಗೊರೆಗೆ ಸುಂಕದ ವಿನಾಯಿತಿಯಿತ್ತು. ಅದು ಬಂಧುಗಳ ಪ್ರೀತಿಗೆ ಕೊಟ್ಟ ರಿಯಾಯಿತಿ. ಹಣ ಕೊಟ್ಟು ಕೊಂಡ ಸಾಮಾನೂ ಅದೇ ಹೆಸರಿನಲ್ಲಿ ಒಳಕ್ಕೆ ಬರತೊಡಗಿತು. ತರಗತಿಯಲ್ಲಿ ಮಾಡುತ್ತಿದ್ದಂತೆ ಒಂದು ಲೆಕ್ಕ ಮಾಡೋಣ. 1,000 ರೂಪಾಯಿಯ ಗಡಿಯಾರವನ್ನು ವ್ಯಾಪಾರಿ ಕ್ರಮವಾಗಿ ಆಮದು ಮಾಡಿಕೊಂಡರೆ, ಆ ವರ್ಷದ ದರದಂತೆ ಶೇ. 20 ಸುಂಕ, ಅಂದರೆ 200 ರೂಪಾಯಿ. ಆ ಸುಂಕದ ಮೇಲೆ ಶೇ. 10 ಅಧಿಭಾರ, 20 ರೂಪಾಯಿ. ಒಟ್ಟು 1,220ರ ಮೇಲೆ ಶೇ. 18 ಜಿಎಸ್‌ಟಿ, 219 ರೂಪಾಯಿ 60 ಪೈಸೆ. ಎಲ್ಲ ಸೇರಿ 1,439 ರೂಪಾಯಿ 60 ಪೈಸೆ. ಅಂಗಡಿಯ ಬಾಡಿಗೆ, ಹುಡುಗನ ಸಂಬಳ, ವಿದ್ಯುತ್ತು ಇನ್ನೂ ಸೇರಿಲ್ಲ. ‘ಉಡುಗೊರೆ’ಯ ಗಡಿಯಾರಕ್ಕೆ 1,000 ಮಾತ್ರ. ಇದು ಸ್ಪರ್ಧೆಯಲ್ಲ. ಒಬ್ಬನ ಕಾಲಿಗೆ ಕಲ್ಲು ಕಟ್ಟಿ ಓಡಿಸುವ ಪಂದ್ಯ.

2019ರ ಡಿಸೆಂಬರ್ 12ರಂದು ಕೇಂದ್ರ ಸರ್ಕಾರದ ವಿದೇಶೀ ವ್ಯಾಪಾರ ಮಹಾನಿರ್ದೇಶನಾಲಯ ಈ ದಾರಿಯನ್ನು ಮುಚ್ಚಿತು. ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸರಕು ತರಿಸುವುದನ್ನು ನಿಷೇಧಿಸಿತು. ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ. ತಂಗಿ ಕಳಿಸುವ ದಾರಕ್ಕೆ ಸುಂಕವಿಲ್ಲ, ಜೊತೆಗೆ ಬರುವ ಉಡುಗೊರೆಗೆ ಉಂಟು! 2020ರ ಜೂನ್ 29ರಂದು ಶೀನ್, ಕ್ಲಬ್ ಫ್ಯಾಕ್ಟರಿ ಮುಂತಾದ 59 ಚೀನೀ ಆ್ಯಪ್‌ಗಳ ಮೇಲೆ ನಿಷೇಧ ಬಿತ್ತು. ಅದಕ್ಕೆ ಸರ್ಕಾರ ಕೊಟ್ಟ ಕಾರಣ ತೆರಿಗೆಯಲ್ಲ, ದೇಶದ ಭದ್ರತೆ.

ಜಗತ್ತಿನ ಬೇರೆಡೆಯೂ ಬೆಳಗಾದದ್ದು ಸುಂಕದ ಗುಡಿಸಲಿನ ಮುಂದೆಯೇ. ಆಸ್ಟ್ರೇಲಿಯ 2018ರ ಜುಲೈ 1ರಿಂದ 1,000 ಡಾಲರುಗಳವರೆಗಿನ ಆಮದು ಪೊಟ್ಟಣಗಳಿಗೂ ತನ್ನ ಜಿಎಸ್‌ಟಿಯನ್ನು ಅನ್ವಯಿಸಿತು. ಯುರೋಪಿನ ಒಕ್ಕೂಟ 22 ಯೂರೋಗಳವರೆಗೆ ಇದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆಯಿತು. ಅಮೆರಿಕ 800 ಡಾಲರುಗಳ ವಿನಾಯಿತಿಯನ್ನು 2025ರ ಆಗಸ್ಟ್ 29ರಂದು ನಿಲ್ಲಿಸಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಸ್ವೀಕರಿಸುವುದನ್ನೇ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಅಲ್ಲಿರುವ ನಮ್ಮ ಮಕ್ಕಳಿಗೆ ಆ ದಿನಗಳಲ್ಲಿ ಚಕ್ಕುಲಿಯನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ.

ಚರಿತ್ರೆಯಿಂದ ನಾನು ಕಲಿತದ್ದು ಇಷ್ಟೇ. ಸುಂಕ ಅತಿಯಾದಾಗ ಕಳ್ಳದಾರಿ ಹುಟ್ಟಿತು, ಗೋಡೆಯ ನೆರಳಿನಲ್ಲಿದ್ದವರು ಮೈಮರೆತರು. ಸುಂಕ ಇಲ್ಲವಾದಾಗ ಕಾನೂನಿಗೆ ತಲೆಬಾಗಿದ ಅಂಗಡಿಯವನು ನಷ್ಟ ಅನುಭವಿಸಿದ. ತೆರಿಗೆ ಮಿತವಾಗಿರಲಿ, ಆದರೆ ಎಲ್ಲರಿಗೂ ಒಂದೇ ಆಗಿರಲಿ. ತೆರಿಗೆಯೊಂದೇ ಅಂಗಡಿಯನ್ನು ಉಳಿಸುತ್ತದೆಂದು ನಾನು ಹೇಳಲಾರೆ. ಜಾಲಹಳ್ಳಿಯ ಕಾರ್ಖಾನೆಯ ಕಥೆ ಹಾಗೆ ಹೇಳಲು ಬಿಡುವುದಿಲ್ಲ.

ಆ ವಿದ್ಯಾರ್ಥಿಯ ಅಂಗಡಿ ಇನ್ನೂ ಇದೆ. ಈಗ ಅವನ ಸಂಪಾದನೆಯ ಹೆಚ್ಚು ಪಾಲು ದುರಸ್ತಿಯಿಂದಲೇ. ಪಟ್ಟಿ ಹಾಕಿಕೊಟ್ಟ ದಿನ ಅವನು ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ. “ಇರಲಿ ಬಿಡಿ ಸಾರ್, ಇದು ನಿಜವಾದ ಉಡುಗೊರೆ” ಎಂದ. ಕಳೆದ ತಿಂಗಳು ನನ್ನ ತಂದೆಯವರು ಕೊಡಿಸಿದ್ದ ಎಚ್‌ಎಂಟಿಯನ್ನು ಅವನ ಕೈಗೆ ಕೊಟ್ಟು ಬಂದಿದ್ದೇನೆ. ನಡೆಯುವಂತೆ ಮಾಡಿಕೊಡುತ್ತೇನೆ ಎಂದಿದ್ದಾನೆ. ಈ ಬಾರಿ ಹಣ ಕೊಟ್ಟೇ ತರುತ್ತೇನೆ.